ಸೊಟ್ಟಮನೆಗೆ ಇಟ್ಟ ಬೆಣೆ

"ಒಳಗಡೆ ಏನನ್ನೂ ನೆಟ್ಟಗೆ ಮಾಡಕ್ಕೆ ಹೋಗಬೇಡಿ. ನೋಡಿ, ನಗಿ, ಫೋಟೋ ತೆಗೀರಿ. ಸೊಟ್ಟಗಿರೋದನ್ನ ಸೊಟ್ಟಗೇ ಬಿಟ್ಟು ಬನ್ನಿ."

ಟಿಕೆಟ್ ಹರಿದು ಕೊಡುತ್ತಿದ್ದ ಮುದುಕಿ ಇದನ್ನು ಹೇಳುವಾಗ ತಾನೇ ಸೊಟ್ಟಗೆ ನಿಂತಿದ್ದಳು. ಹಳೇ ಬೇಲಿಗೂಟದ ಹಾಗೆ ಅವಳ ಇಡೀ ಮೈ ಬೆನ್ನ ಹಿಂದಿದ್ದ ಮನೆಯ ಕಡೆಗೆ ವಾಲಿತ್ತು. ಕೋಲನ್ನು ಓರೆಯಾಗಿ ಊರಿಕೊಂಡಿದ್ದಳು. ಆ ಕೋಲು ಇಲ್ಲದಿದ್ದರೆ ಬಿದ್ದೇಬಿಡುತ್ತಿದ್ದಳೇನೋ. ಮಾರ್ಲಿಸ್‌ಗೆ ನಗು ತಡೆಯಲಾಗಲಿಲ್ಲ.

"ನಾಟಕ ಜೋರಾಗಿದೆ ಕಣೋ," ಎಂದು ಗಂಡ ಡೆಲ್ವಿನ್‌ನ ಕಿವಿಯಲ್ಲಿ ಪಿಸುಗುಟ್ಟಿದಳು. "ದಿನಾ ಹೀಗೆ ನಿಂತ್ರೆ ಸೊಂಟ ಹೋಗಲ್ವಾ ಈ ಅಜ್ಜಿಗೆ?"

ಅಯೋವಾದಿಂದ ಹೊರಟಾಗಿನಿಂದ ಮಗಳು ವಿನ್ನಿಯದೇ ರಾಜ್ಯ. ಏಳು ವರ್ಷದ ಪೋರಿ. ದಾರಿಬದಿಯಲ್ಲಿ ಯಾವ ವಿಚಿತ್ರದ ಹಲಗೆ ಕಂಡರೂ ಅವಳು ಕೂಗಬೇಕು, ಒಲೆ, ಮಂಚ ಎಲ್ಲ ಒಳಗೇ ಇರುವ ಅವರ ಮನೆಗಾಡಿ ನಿಲ್ಲಬೇಕು. ಇದು ಅವರ ಮನೆಯ ರಜೆಯ ಕಾನೂನು. ಕೊಟ್ಟಿಗೆಯಷ್ಟು ದೊಡ್ಡ ಫೈಬರ್ ಹಸು ನೋಡಿದ್ದಾಯಿತು. ಹರಿದ ಬೂಟುಗಳನ್ನು ತೂಗುಹಾಕಿದ ಬೇಲಿ ನೋಡಿದ್ದಾಯಿತು. ಸಿಮೆಂಟಿನ ಡೈನೋಸಾರ್‌ನ ಬಾಲ ಹತ್ತಿ ಜಾರಿದ್ದೂ ಆಯಿತು. ಡಕೋಟಾದ ಗುಡ್ಡಗಳು ಶುರುವಾದ ಮೇಲೆ ಹಳದಿ ಹಲಗೆಗಳು ಬರತೊಡಗಿದವು. 'ನೀರು ಮೇಲಕ್ಕೆ ಹರಿಯುವ ಮನೆ'. ಸ್ವಲ್ಪ ದೂರ ಹೋದರೆ, 'ಗೋಲಿ ಏರು ಹತ್ತುವ ಮನೆ'. ಇನ್ನಷ್ಟು ದೂರಕ್ಕೆ, 'ಹೆದರಿದಿರಾ? ಇಲ್ಲೇ ಎಡಕ್ಕೆ ತಿರುಗಿ'. ವಿನ್ನಿ ಕೂಗಿದಳು. ತಿರುಗಿದರು.

ಮಾರ್ಲಿಸ್ ಅಡುಗೆಮನೆಗಳಿಗೆ ಮರದ ಕಪಾಟು ಕೂರಿಸುವವಳು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅವಳ ಜೇಬಿನಲ್ಲಿ ಲಿಪ್‌ಸ್ಟಿಕ್ ಇರದಿದ್ದರೂ ಮಟ್ಟ ನೋಡುವ ಗೇಣುದ್ದದ ರಸಮಟ್ಟ ಇದ್ದೇ ಇರುತ್ತಿತ್ತು. ಗಾಜಿನ ನಳಿಗೆಯೊಳಗಿನ ಗುಳ್ಳೆ ನಡುಗೆರೆಗೆ ಬಂದು ನಿಂತರೆ ಅವಳ ಜೀವಕ್ಕೆ ಸಮಾಧಾನ. ಹೋಟೆಲಿಗೆ ಹೋದರೂ ಗೋಡೆಯ ಚಿತ್ರ ಸರಿಪಡಿಸಿದ ಮೇಲೇ ತಿನ್ನಲು ಕೂರುವ ಹೆಂಗಸು. ಅಂಥವಳಿಗೆ ಸೊಟ್ಟಗಿರುವುದನ್ನು ಸೊಟ್ಟಗೇ ಬಿಡು ಅಂದರೆ ಆದೀತೇ?

ಮುದುಕಿಯ ಹೆಸರು ಆರ್ಡಿತ್. ದಾರಿ ತೋರಿಸಲು ಮೆಟ್ಟಿಲು ಹತ್ತುವಾಗ ಅವಳ ಕೋಲು ಜಾರಿತು, ಧಡಕ್ಕನೆ ಬಿದ್ದಳು. ಮಾರ್ಲಿಸ್ ಓಡಿಹೋಗಿ ರಟ್ಟೆಗೆ ಕೈ ಹಾಕಿದಳು. ಕೋಲು ಬೀಸಿಕೊಂಡು ಬಂದು ಅವಳ ಮಣಿಕಟ್ಟಿಗೆ ಬಡಿಯಿತು.

"ಮುಟ್ಟಬೇಡ! ನನ್ನ ನೆಟ್ಟಗೆ ನಿಲ್ಲಿಸಬೇಡ!"

ಮುದುಕಿ ಮಂಡಿಯ ಮೇಲೆ ತೆವಳಿ, ಬಾಗಿಲ ಚೌಕಟ್ಟು ಹಿಡಿದು, ತಾನೇ ಎದ್ದಳು. ಮತ್ತೆ ಅದೇ ಓರೆಗೆ ನಿಂತಳು.

"ಎತ್ತಕ್ಕೆ ಹೋದವಳಿಗೆ ಏಟಾ?" ಮಾರ್ಲಿಸ್ ಕೈ ತಿಕ್ಕಿಕೊಂಡಳು. ನೋವಿಗಿಂತ ಅವಮಾನ ಉರಿಯಿತು. ಮಗಳ ಮುಂದೆ, ಗಂಡನ ಮುಂದೆ! ಇರು ಮುದುಕಿ, ನಿನ್ನ ನಾಟಕದ ಬಣ್ಣ ಬಯಲು ಮಾಡ್ತೀನಿ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದಳು.

ಒಳಗೆ ಕತ್ತಲು. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಇಲಿಪಿಕ್ಕೆ, ಹಳೆಯ ಮೇಣ, ಅವೆರಡರ ಕೆಳಗೆ ಆಗಷ್ಟೇ ಅಗೆದ ಹಸಿ ಮಣ್ಣಿನ ವಾಸನೆ. ನೆಲ ಒಂದು ಪಕ್ಕಕ್ಕೆ ಇಳಿದಿತ್ತು. ಗೋಡೆಯೂ, ಮೇಜೂ, ಮೂಲೆಯ ಒಲೆಯೂ ಅದೇ ಪಕ್ಕಕ್ಕೆ ವಾಲಿದ್ದವು. ಅಲ್ಲಿ ಆರ್ಡಿತ್ ಒಬ್ಬಳೇ ಆರಾಮಾಗಿ ನಿಂತಿದ್ದಳು. ಬಂದವರೆಲ್ಲ ತಡವರಿಸುತ್ತಿದ್ದರು. ವಿನ್ನಿ ಕಿಲಕಿಲ ನಗುತ್ತಾ ಗೋಡೆ ಹಿಡಿದು ನಡೆದಳು.

ಮುದುಕಿ ಕತೆ ಹೇಳಿದಳು. ಈ ಮನೆ ಕಟ್ಟಿದವನು ರಾತ್ರೋರಾತ್ರಿ ಗಡಿಗೂಟ ಸರಿಸಿ ಪಕ್ಕದ ವಿಧವೆಯ ನೆಲ ನುಂಗಿದ. ಆ ನೆಲದಲ್ಲಿ ಅವಳ ಮಗುವಿನ ಗೋರಿ ಇತ್ತು. ಅವನು ಅದನ್ನೂ ಸಮ ಮಾಡಿ ಅದರ ಮೇಲೇ ಗೋಡೆ ಎಬ್ಬಿಸಿದ. ವಿಧವೆ ಕೂಗಾಡಲಿಲ್ಲ. ಸಮುದ್ರದಾಚೆಯಿಂದ ಬಂದವಳು, ತಾಯಿಯಿಂದ ಕಲಿತದ್ದೇನೋ ಇತ್ತು ಅವಳ ಹತ್ತಿರ. ಗೋರಿಯ ಮಣ್ಣು ಒಂದು ಹಿಡಿ ತಂದು ಮನೆಯ ಮೂಲೆಗೆ ಹಾಕಿ, ಹಿಮ್ಮುಖವಾಗಿ ಸುತ್ತು ಹಾಕಿದಳು. "ಈ ಮನೆ ನೆಟ್ಟಗೆ ನಿಲ್ಲದಿರಲಿ. ಇದರ ಸೊಟ್ಟ ತಿದ್ದಿದವರ ಮನೆಯೂ ನೆಟ್ಟಗೆ ನಿಲ್ಲದಿರಲಿ," ಅಂದಳಂತೆ.

"ಅಜ್ಜೀ, ಸ್ವಲ್ಪ ನಿಲ್ಲಿ," ಅಂದಳು ಮಾರ್ಲಿಸ್. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೀವು ನೆಲಾನೇ ಡೊಂಕು ಮಾಡಿ ಟಿಕೆಟ್ ಇಟ್ಟಿದ್ದೀರ. ಇಡೀ ಮನೇನ ಓರೆಯಾಗಿ ಕಟ್ಟಿದ್ದಾರೆ, ಹೊರಗಿನ ಬಯಲು ಕಾಣದ ಹಾಗೆ ಕಿಟಕಿ ಮುಚ್ಚಿದ್ದಾರೆ. ಕಣ್ಣು ಮೋಸ ಹೋಗತ್ತೆ, ಅಷ್ಟೇ. ಮಾಟವಂತೆ, ಮಂತ್ರವಂತೆ!"

ಗಾಡಿ ನಿಲ್ಲಿಸಿದಾಗ ಚಕ್ರದಡಿಗೆ ಕೊಡುವ ಹಳದಿ ಪ್ಲಾಸ್ಟಿಕ್ ಬೆಣೆ ಅವಳ ಪ್ಯಾಂಟಿನ ಜೇಬಿನಲ್ಲಿತ್ತು. ಮನೆಗಾಡಿಯಲ್ಲಿ ತಿರುಗುವವರಿಗೆ ಇದು ಕೈಚಟ. ಎಲ್ಲಿ ನಿಂತರೂ ಮೊದಲು ಗಾಡಿ ಸಮ ಮಾಡಬೇಕು. ಇಲ್ಲದಿದ್ದರೆ ಫ್ರಿಜ್ಜು ತಣ್ಣಗಾಗದು, ಬಾಣಲೆಯ ಎಣ್ಣೆ ಒಂದು ಮೂಲೆ ಸೇರುತ್ತದೆ. ಮಾರ್ಲಿಸ್ ಬಗ್ಗಿದಳು. ಮೇಜಿನ ತಗ್ಗಿನ ಕಾಲಡಿಗೆ ಬೆಣೆ ಇಟ್ಟು ಬೂಟಿನ ಹಿಮ್ಮಡಿಯಿಂದ ಒದ್ದಳು. ಮೇಲೆ ರಸಮಟ್ಟ ಇಟ್ಟಳು. ಗುಳ್ಳೆ ತೇಲಿಬಂದು ನಡುಗೆರೆಯಲ್ಲಿ ನಿಂತಿತು.

"ತಗೊಳ್ಳಿ. ನಿಮ್ಮ ವಿಧವೆಯ ಮಾಟ ಒಂದು ಬೆಣೆಗೆ ಮುಗೀತು."

ಆರ್ಡಿತ್ ಬೈಯಲಿಲ್ಲ. ಕೋಲಿನಿಂದ ಬೆಣೆ ತೋರಿಸಿದಳು. "ತೆಗಿ ಮಗಳೇ. ಈಗಲೇ ತೆಗಿ. ಇಟ್ಟವರೇ ತೆಗೀಬೇಕು, ನನ್ನ ಕೈಲಾಗಲ್ಲ."

"ಇರಲಿ ಬಿಡಿ. ನಾಳೆ ಬರೋರು ಅದರ ಮೇಲೆ ಕಾಫಿ ಇಟ್ಕೊಂಡು ಕುಡೀಲಿ."

"ಹಗುರವಾದ್ದು ಮೊದಲು ಉರುಳತ್ತೆ," ಅಂದಳು ಮುದುಕಿ. "ನೆನಪಿಟ್ಕೋ. ಉಪ್ಪು, ಮೊಟ್ಟೆ, ಪಾತ್ರೆ. ಆಮೇಲೆ ನಿನ್ನ ಮನೇಲಿ ಹಗುರವಾದ್ದು ಯಾವುದು?" ಅವಳ ಕಣ್ಣು ವಿನ್ನಿಯ ಮೇಲೆ ಹೋಗಿ ನಿಂತಿತು.

"ನಮ್ಮ ಮನೆ ಚಕ್ರದ ಮೇಲಿದೆ ಅಜ್ಜೀ. ಉರುಳೋದೇ ಅದರ ಕಸುಬು," ಎಂದು ಮಾರ್ಲಿಸ್ ಮಗಳ ಕೈ ಹಿಡಿದು ಹೊರಬಿದ್ದಳು. ಗಾಡಿ ಹೊರಟ ಮೇಲೂ ಗೆದ್ದ ಖುಷಿಗೆ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದಳು.

ಸಂಜೆ ಅವರು ತಂಗಿದ್ದು ಪಡುವಣಕ್ಕೆ ಎರಡು ತಾಸು ದೂರದ ಗಾಡಿತಾಣದಲ್ಲಿ. ಡೆಲ್ವಿನ್ ಚಕ್ರದಡಿಗೆ ಹಲಗೆ ಇಟ್ಟು ಗಾಡಿ ಸಮ ಮಾಡಿದ. ಮಾರ್ಲಿಸ್ ಮಟ್ಟ ನೋಡಿದಳು. ಗುಳ್ಳೆ ನಡುಮಧ್ಯೆ. ಒಲೆ ಹಚ್ಚಿ ಮೊಟ್ಟೆ ತೆಗೆದಿಟ್ಟಳು. ಮೊಟ್ಟೆ ಉರುಳಿ ಹಿಂಬದಿಯ ಮಂಚದ ಕಡೆಗೆ ಹೋಗಿ ಒಡೆಯಿತು. ಉಪ್ಪಿನ ಡಬ್ಬಿ ಮೆಲ್ಲಗೆ ಅದರ ಹಿಂದೆಯೇ ಜಾರಿತು.

"ಹಲಗೆ ಸರಿಯಾಗಿ ಇಟ್ಟಿಲ್ಲ ನೀನು."

"ಮಟ್ಟ ನೋಡಿದ್ದು ನೀನೇ ತಾನೇ?"

ಗಾಡಿಯ ಮುಖ ತಿರುಗಿಸಿ ನಿಲ್ಲಿಸಿದರು. ಈಗ ಹಿಂಬದಿಯಿಂದ ಮುಂಬದಿಗೆ ಜಾರತೊಡಗಿತು. ಅಡ್ಡ ನಿಲ್ಲಿಸಿದರು. ಅಡ್ಡಕ್ಕೆ ಜಾರಿತು. ಗಾಡಿ ಎತ್ತ ತಿರುಗಿದರೂ ಚಮಚ, ಲೋಟ, ವಿನ್ನಿಯ ಬಣ್ಣದ ಸೀಸಕಡ್ಡಿಗಳೆಲ್ಲ ಮೂಡಣಕ್ಕೇ ಹೋಗಿ ಗುಡ್ಡೆಬಿದ್ದವು. ರಸಮಟ್ಟದ ಗುಳ್ಳೆ ಮಾತ್ರ ನಡುಗೆರೆ ಬಿಟ್ಟು ಅಲುಗಲಿಲ್ಲ. ತನ್ನ ಜೀವಮಾನದ ಸಾಕ್ಷಿ ಅದು, ಅದೇ ಸುಳ್ಳು ಹೇಳುತ್ತಿತ್ತು. ಮಾರ್ಲಿಸ್‌ಗೆ ಮೊದಲ ಸಲ ಹೆದರಿಕೆಯಾಯಿತು. ಬಾಯಲ್ಲಿ ಮಾತ್ರ, "ನೆಲವೇ ಸರಿಯಿಲ್ಲ ಇಲ್ಲಿ," ಅಂದಳು.

ಬೆಳಿಗ್ಗೆ ವಿನ್ನಿ ತನ್ನ ಹಾಸಿಗೆಯಲ್ಲಿ ಇರಲಿಲ್ಲ. ಮೂಡಣ ಗೋಡೆಗೆ ಕೆನ್ನೆ ಒತ್ತಿಕೊಂಡು, ಪಾತ್ರೆಗಳ ನಡುವೆ ಮಲಗಿದ್ದಳು. ಕೂದಲಲ್ಲಿ ಹಸಿ ಮಣ್ಣಿನ ವಾಸನೆ.

"ವಾಪಸ್ ಹೋಗಿ ಆ ಬೆಣೆ ತೆಗೆದುಬಿಡೋಣ ಕಣೇ," ಅಂದ ಡೆಲ್ವಿನ್. "ಏನು ಗಂಟು ಹೋಗತ್ತೆ ನಮ್ಮದು?"

"ಒಂದು ಗುಡಿಸಲಿನ ಹತ್ರ ಕ್ಷಮೆ ಕೇಳಕ್ಕಾ? ನಾನಾ?"

"ಮಗು ಮುಖ ನೋಡೇ!"

"ಮಗು ನಿದ್ದೇಲಿ ಹೊರಳಿದೆ. ಮಕ್ಕಳು ಹೊರಳ್ತಾರೆ. ಗಾಡಿ ತೆಗಿ."

ಹಠ ಅಂದರೆ ಹಠ. ಒಳಗೆ ಹೆದರಿಕೆ ಹೆಚ್ಚಿದಷ್ಟೂ ಹೊರಗೆ ಹಠ ಹೆಚ್ಚುವ ಜಾತಿ ಅವಳದು. ಅದಕ್ಕೆ ಅವಳು ಮಧ್ಯಾಹ್ನ ಪಶ್ಚಾತ್ತಾಪಪಟ್ಟಳು.

ಹೆದ್ದಾರಿಯ ಪಕ್ಕದ ಜಲ್ಲಿ ಹಾಸಿದ ಬಯಲಲ್ಲಿ ಎರಡಾಳೆತ್ತರದ ಸಿಮೆಂಟಿನ ಮೊಲ ಇತ್ತು, ತಲೆಯ ಮೇಲೆ ಜಿಂಕೆಯ ಕೊಂಬು. ವಿನ್ನಿ ಕೂಗಲಿಲ್ಲ. ಡೆಲ್ವಿನ್ನೇ, ಮಗು ನಕ್ಕರೆ ಸಾಕು ಅಂತ ನಿಲ್ಲಿಸಿದ. ಆಕಾಶ ಕಪ್ಪಾಗಿತ್ತು. ಆಲಿಕಲ್ಲಿನ ಮೋಡ. ಹಾಡುಹಗಲೇ ಲಾರಿಗಳು ದೀಪ ಹಾಕಿಕೊಂಡು ಓಡುತ್ತಿದ್ದವು.

"ನೆಟ್ಟಗೆ ನಿಂತ್ಕೋ ಕಂದಾ, ಫೋಟೋ ತೆಗೀತೀನಿ," ಅಂದ ಡೆಲ್ವಿನ್.

"ನೆಟ್ಟಗೇ ನಿಂತಿದ್ದೀನಪ್ಪಾ."

ನೆಟ್ಟಗೆ ನಿಂತಿರಲಿಲ್ಲ. ಟಿಕೆಟ್ ಮುದುಕಿ ನಿಂತ ಹಾಗೆಯೇ ನಿಂತಿದ್ದಳು, ಮೂಡಣಕ್ಕೆ ವಾಲಿ. ಮಾರ್ಲಿಸ್ ನೋಡುತ್ತಿದ್ದಂತೆ ಮಗುವಿನ ಬೂಟಿನಡಿ ಜಲ್ಲಿ ಕರಕರ ಅಂದಿತು. ವಿನ್ನಿ ಹೆಜ್ಜೆ ಇಡಲಿಲ್ಲ. ಜಾರಿದಳು. ಸಮತಟ್ಟು ನೆಲದ ಮೇಲೆ, ಹೆದ್ದಾರಿಯ ಕಡೆಗೆ.

"ಅಮ್ಮಾ..."

ಕೂತಳು. ಉಗುರಿನಿಂದ ನೆಲ ಕೆರೆದಳು. ನಿಲ್ಲಲಿಲ್ಲ. ವೇಗ ಹೆಚ್ಚಿತು. ಮಾರ್ಲಿಸ್ ಓಡಿದಳು. ಲಾರಿಯ ಹಾರನ್. ದೀಪದ ಬೆಳಕು ಮಗುವಿನ ಮುಖದ ಮೇಲೆ ಬಿತ್ತು. ಮಾರ್ಲಿಸ್ ಹಾರಿದಳು. ಮೊಣಕೈ ತರಚಿತು. ಕೈಗೆ ಮಗುವಿನ ಕಾಲು ಸಿಕ್ಕಿತು. ಹಿಡಿದಳು. ಲಾರಿ ಗಾಳಿ ಎಬ್ಬಿಸಿ ಹೋಯಿತು, ಮಗುವಿನ ಬೆರಳ ತುದಿ ದಾಟಿ.

"ಬಿಡಬೇಡಮ್ಮಾ. ಕೆಳಗೆ ಬೀಳ್ತಾ ಇದ್ದೀನಿ."

ಬಾವಿಯೊಳಗೆ ಇಳಿಬಿದ್ದ ಕೊಡದ ಹಾಗೆ ಭಾರ. ನೆಲ ಸಮವಾಗಿತ್ತು. ಮಗು ಅದರ ಮೇಲೆ ನೇತಾಡುತ್ತಿತ್ತು. ಡೆಲ್ವಿನ್ ಬಂದು ಇನ್ನೊಂದು ಕಾಲು ಹಿಡಿದ. ಇಬ್ಬರೂ ಅಳುತ್ತಾ, ಇಂಚಿಂಚು ಎಳೆದು ಗಾಡಿಗೆ ಹಾಕಿದರು.

"ತಿರುಗಿಸು," ಅಂದಳು ಮಾರ್ಲಿಸ್. "ಸೊಟ್ಟಮನೆಗೆ ನಡಿ. ತಪ್ಪು ನಂದು. ನನ್ನ ಮಗೂನ ಯಾಕೆ ಕೇಳತ್ತೆ ಅದು? ನನ್ನನ್ನ ಕೇಳಲಿ!"

ವಿನ್ನಿಯನ್ನು ಸೀಟಿಗೆ ಕಟ್ಟಿದರು. ಅವಳ ಎರಡು ಜಡೆಗಳು ಮುಂದಿನ ಗಾಜಿನ ಕಡೆಗೆ ಚಾಚಿ ನಿಂತವು, ಅಲ್ಲೇ ನೆಲವಿದೆಯೇನೋ ಅನ್ನುವ ಹಾಗೆ. ರಸ್ತೆ ಗುಡ್ಡ ಏರುತ್ತಿತ್ತು. ಗಾಡಿ ಮಾತ್ರ ಇಳಿಯುವ ರಭಸದಲ್ಲಿತ್ತು. ಡೆಲ್ವಿನ್ ವೇಗ ಕೊಡುತ್ತಲೇ ಇರಲಿಲ್ಲ, ಎರಡು ಕಾಲೂ ಬ್ರೇಕಿನ ಮೇಲೆ. ಸುಟ್ಟ ರಬ್ಬರಿನ ಘಾಟು. ಹಿಂದಿನಿಂದ ಪಾತ್ರೆ, ಡಬ್ಬಿ, ಚಾಕು ಹಾರಿಬಂದು ಗಾಜಿಗೆ ಬಡಿದವು. ಮಾರ್ಲಿಸ್ ಮಗಳ ಮೇಲೆ ಕವಿದುಕೊಂಡಳು. ಆಲಿಕಲ್ಲು ಬಿತ್ತು. ಕತ್ತಲು. ಗಾಜು ಬಿರುಕು ಬಿಟ್ಟಿತು. ಹಳದಿ ಹಲಗೆಯೊಂದು ಗಾಡಿಯ ದೀಪದ ಬೆಳಕಿಗೆ ಸಿಕ್ಕಿತು. ಹೆದರಿದಿರಾ? ಹಲಗೆ ಮುರಿಯಿತು. ಚರಂಡಿ. ಸೊಟ್ಟಮನೆಯ ಮುಂದೆ ಗಾಡಿ ನಿಂತಿತು.

ಆರ್ಡಿತ್ ಲಾಟೀನು ಹಿಡಿದು ಬಾಗಿಲಲ್ಲೇ ಇದ್ದಳು. ಇವರು ಬರುತ್ತಾರೆಂದು ಗೊತ್ತಿದ್ದವಳ ಹಾಗೆ ಪಕ್ಕಕ್ಕೆ ಸರಿದಳು.

"ತೆಗೀತೀನಿ," ಅಂದಳು ಮಾರ್ಲಿಸ್, ಉಸಿರು ಸಿಕ್ಕದೆ. "ತೆಗೆದ್ರೆ ಬಿಡತ್ತಾ?"

"ಈ ಮನೆಯ ಸೊಟ್ಟ ಈ ಮನೆಗೇ ವಾಪಸ್ ಹೋಗತ್ತೆ. ನಿನ್ನ ಮನೆಗೆ ಹತ್ತಿದ್ದು ಎಲ್ಲಿಗೆ ಹೋಗಬೇಕು? ಯಾರಾದ್ರೂ ಹೊರಬೇಕಲ್ಲ. ತೆಗೆದ ಬೆಣೆ ಮೇಲೆ ನಿನ್ನ ಕಾಲಿಡು. ಆಗ ಅದು ನಿನ್ನದು."

"ನಾನು ನಿಲ್ತೀನಿ," ಅಂದ ಡೆಲ್ವಿನ್.

"ಇಟ್ಟವರ ಕಾಲೇ ಆಗಬೇಕಪ್ಪ. ಹಿಂದೆ ಇಲ್ಲಿಗೆ ನೋಡಕ್ಕೆ ಬಂದಾಗ ಈ ಗೋಡೆಯ ಚಿತ್ರ ತಿದ್ದಿದ್ದು ನಾನು. ಆಗ ನನ್ನ ಮಗ ತೊಟ್ಟಿಲಲ್ಲಿದ್ದ." ಮುದುಕಿ ಮಾರ್ಲಿಸ್‌ಳ ಕಡೆ ತಿರುಗಿದಳು. "ಒಮ್ಮೆ ಹೊತ್ತರೆ ನೀನೂ ಈ ಮೇಜಿನ ಹಾಗೇ. ನಿನ್ನ ಯಾರಾದ್ರೂ ನೆಟ್ಟಗೆ ನಿಲ್ಲಿಸಿದ್ರೆ ಅವರ ಪಾಲಿಗೆ ಇದೆಲ್ಲ ಮೊದಲಿಂದ ಶುರು. ನಿನ್ನೆ ಯಾಕೆ ಹೊಡೆದೆ ಅಂತ ಈಗ ಗೊತ್ತಾಯ್ತಾ?"

ಮಾರ್ಲಿಸ್ ಮಣಿಕಟ್ಟು ನೋಡಿಕೊಂಡಳು. ಬಾಸುಂಡೆ ಇನ್ನೂ ಇತ್ತು. ಈ ಮುದುಕಿ ತನ್ನನ್ನು ಕಾಪಾಡಿದ್ದಳು, ತಾನು ಅದಕ್ಕೆ ನಾಟಕ ಅಂದಿದ್ದಳು. ನಾಚಿಕೆಯಾಯಿತು. ನಾಚಿಕೆಪಡಲು ಹೊತ್ತಿರಲಿಲ್ಲ. ಹೊರಗೆ ಗಾಡಿಯಲ್ಲಿ ವಿನ್ನಿ ಚೀರಿದಳು. ಸೀಟಿನ ಪಟ್ಟಿ ಹರಿಯುವ ಸದ್ದು. ಡೆಲ್ವಿನ್ ಓಡಿದ.

ಅವಳು ಮೇಜಿನಡಿಗೆ ನುಗ್ಗಿದಳು. ಬೆಣೆ ಹಿಡಿದಳು. ಅದು ತಣ್ಣಗಿತ್ತು. ಅದರ ಸುತ್ತ ಹಸಿ ಮಣ್ಣು, ಎಲ್ಲಿಂದಲೋ ಬಂದ ಮಣ್ಣು. ಎಳೆದಳು. ಬರಲಿಲ್ಲ. ಮೇಜು ಮುಲುಗಿತು. ಮಣ್ಣಿನೊಳಗಿನಿಂದ ಏನೋ ಅವಳ ಬೆರಳು ಹಿಡಿದುಕೊಂಡಿತು. ಪುಟ್ಟದಾದ ಹಿಡಿತ. ಮಗುವಿನದು.

"ನಿನ್ನ ತಾಯಿಗೆ ಆದ ಅನ್ಯಾಯ ಅನ್ಯಾಯವೇ ಕಂದಾ," ಹಲ್ಲು ಕಚ್ಚಿ ಅಂದಳು. "ಆದ್ರೆ ನನ್ನ ಮಗಳನ್ನ ಕೊಡಲ್ಲ. ಬಿಡು!"

ಎಳೆದಳು. ಬಂತು. ಮೇಜು ಧಡ್ ಎಂದು ತನ್ನ ಓರೆಗೆ ಕುಸಿಯಿತು. ಬೆಣೆ ನೆಲಕ್ಕಿಟ್ಟು ಕಾಲಿಟ್ಟಳು.

ಲೋಕ ಮಗುಚಿತು. ಕಿವಿಯೊಳಗೆ ಗುಂಯ್ ಅಂದಿತು. ಬೆನ್ನುಹುರಿಯ ಒಂದೊಂದೇ ಗಂಟು ಪಕ್ಕಕ್ಕೆ ಸರಿದದ್ದು ಅವಳಿಗೆ ಗೊತ್ತಾಯಿತು. ಹೊರಗೆ ಚೀರಾಟ ನಿಂತಿತು. ಆಮೇಲೆ ವಿನ್ನಿ ಅಳುವ ಸದ್ದು, ಬರೀ ಹೆದರಿದ ಮಗು ಅಳುವ ಸದ್ದು. ಅದಕ್ಕಿಂತ ಸಿಹಿಯಾದ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನೀನೂ ಕೊನೆಗೆ ಇಲ್ಲಿಗೇ ಬರ್ತೀಯ," ಅಂದಳು ಆರ್ಡಿತ್ ಮೆಲ್ಲಗೆ. ಅದರಲ್ಲಿ ದ್ವೇಷವಿರಲಿಲ್ಲ. "ಎಲ್ಲಿ ನಿಂತರೂ ಇತ್ತಲೇ ಇಳಿಜಾರು. ನಾನೂ ಮೂವತ್ತು ವರ್ಷ ಹತ್ತಿದೆ. ಮಂಡಿ ಹೋದ ಮೇಲೆ ಜಾರಿ ಬಂದು ಇಲ್ಲಿ ಬಿದ್ದೆ. ಇಲ್ಲೇ ಇದ್ದುಬಿಡು, ಈ ನೆಲ ಮಾತ್ರ ನಮ್ಮಂಥವರಿಗೆ ಸಮ."

ನಿಜ. ಆ ಡೊಂಕು ನೆಲದ ಮೇಲೆ ಈಗ ಮಾರ್ಲಿಸ್ ಆರಾಮಾಗಿ ನಿಂತಿದ್ದಳು. ಬಗ್ಗಿ ಬೆಣೆ ಎತ್ತಿಕೊಂಡು ಜೇಬಿಗೆ ಹಾಕಿದಳು.

"ಜೀವಮಾನವಿಡೀ ಏರು ಹತ್ತಬೇಕಾ? ಹತ್ತುತ್ತೀನಿ. ಏನೀಗ? ಬರಲ್ಲ ಅಜ್ಜೀ. ನಿಮ್ಮ ವಿಧವೆಗೆ ಹೇಳಿ, ಬರಲ್ಲ ಅಂದ್ಲು ಅಂತ."

ಹೊಸ್ತಿಲು ದಾಟಿದ ಕೂಡಲೇ ಬಿದ್ದಳು. ಡೆಲ್ವಿನ್ ಕೈ ಚಾಚಿ ಓಡಿಬಂದ. "ಹತ್ತಿರ ಬರಬೇಡ!" ಎಂದು ಕಿರುಚಿದಳು. ಹುಲ್ಲು ಹಿಡಿದು, ಕಲ್ಲು ಹಿಡಿದು, ಹೊಟ್ಟೆಯ ಮೇಲೆ ತೆವಳಿ ಗಾಡಿ ಮುಟ್ಟಿದಳು.

ಅಯೋವಾದಲ್ಲಿ ಚಳಿಗಾಲ ಬಂತು. ಮಾರ್ಲಿಸ್‌ಗೆ ಪಡುವಣ ಯಾವಾಗಲೂ ಇಳಿಜಾರೇ. ಮಂಚಕ್ಕೆ ಮೈ ಕಟ್ಟಿಕೊಂಡು ಮಲಗುತ್ತಾಳೆ. ಪಡುವಣಕ್ಕೆ ವಾಲಿ ನಡೆಯುವುದನ್ನು ನೋಡಿ ಊರವರು ಪಾರ್ಶ್ವವಾಯು ಅಂದುಕೊಂಡಿದ್ದಾರೆ. ಅವಳು ಕೂರಿಸುವ ಕಪಾಟುಗಳು ಈಗಲೂ ಕೂದಲೆಳೆಯಷ್ಟೂ ವಾಲುವುದಿಲ್ಲ. ಅವಳನ್ನು ಮಾತ್ರ ಯಾರೂ ಅಪ್ಪಿಕೊಳ್ಳುವಂತಿಲ್ಲ. ಅಪ್ಪಿಕೊಂಡವರ ತೋಳು ತಿಳಿಯದೆಯೇ ಎದುರಿನವರನ್ನು ನೆಟ್ಟಗೆ ಮಾಡುತ್ತದೆ.

ಒಂದು ಭಾನುವಾರ ದೋಸೆಯಂಥ ಪ್ಯಾನ್‌ಕೇಕ್ ಹುಯ್ಯುತ್ತಿದ್ದಾಗ ನೆಲದ ಮೇಲೆ ಬೆಣ್ಣೆ ಬಿದ್ದಿತ್ತು. ಕಾಲು ಜಾರಿತು. ಮಾರ್ಲಿಸ್ ಅಡುಗೆಮನೆಯ ಉದ್ದಕ್ಕೂ ಜಾರಿಹೋಗಿ ಪಡುವಣ ಗೋಡೆಗೆ ಬಡಿದಳು. ಹಣೆ ಒಡೆದು ರಕ್ತ ಬಂತು.

"ಅಮ್ಮಾ!" ವಿನ್ನಿ ಓಡಿಬಂದಳು. ಎರಡೂ ಕೈ ಚಾಚಿ ತಾಯಿಯ ತೋಳು ಹಿಡಿದಳು. ಎತ್ತಲು ನೋಡಿದಳು.

ಮಾರ್ಲಿಸ್‌ಳ ಕೈಯಲ್ಲಿ ಮರದ ಸೌಟು ಇತ್ತು. ಬೀಸಿದಳು. ಮಗುವಿನ ಮಣಿಕಟ್ಟಿಗೆ ಬಿತ್ತು.

"ಮುಟ್ಟಬೇಡ!"

ಆ ಮಗುವಿಗೆ ಅವಳು ಅದುವರೆಗೆ ಒಂದು ಏಟೂ ಹೊಡೆದಿರಲಿಲ್ಲ. ವಿನ್ನಿ ಹಿಂದಕ್ಕೆ ಸರಿದು, ಕೈ ಎದೆಗೆ ಅವುಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಬಾಸುಂಡೆ ಮೂಡುತ್ತಿತ್ತು, ತಾಯಿಗೆ ಮೂಡಿದ್ದ ಜಾಗದಲ್ಲೇ. ಮಾರ್ಲಿಸ್ ರಕ್ತ ಒರೆಸಿಕೊಂಡು ನೋಡಿದಳು. ಅಳುತ್ತಿದ್ದ ಮಗು ನೆಟ್ಟಗೆ ನಿಂತಿತ್ತು. ಎಡಕ್ಕಿಲ್ಲ, ಬಲಕ್ಕಿಲ್ಲ. ರಸಮಟ್ಟ ಬೇಕಾಗಿರಲಿಲ್ಲ.

"ಹಾಗೇ ನಿಂತಿರು ಕಂದಾ," ಅಂದಳು. "ಅಲ್ಲೇ. ಅಳ್ತಾ ಇರು, ಪರವಾಗಿಲ್ಲ. ನಾನೇ ಬರ್ತೀನಿ."

ತಾನೇ ಕೂರಿಸಿದ ಕಪಾಟಿನ ಮೊದಲ ಹಿಡಿಗೆ ಕೈ ಹಾಕಿದಳು. ಮೈ ಎಳೆದುಕೊಂಡಳು. ಎರಡನೆಯದಕ್ಕೆ ಕೈ ಚಾಚಿದಳು. ಹಿಂದಿನಿಂದ ಡಕೋಟಾ ಎಳೆಯುತ್ತಿತ್ತು. ಅವಳು ಹತ್ತುತ್ತಿದ್ದಳು.